ಮೊದಲ ಸಲಕ್ಕೆ ಬರಲಿಲ್ಲ ಅಂದರೆ ಪುಸ್ತಕ ಮುಚ್ಚುವ ಮಗು: ಸಬ್ರ್ (ತಾಳ್ಮೆ) ಕಲಿಸುವುದು ಹೇಗೆ?

ಮೂರು ಮಕ್ಕಳ ಅಮ್ಮ:
ಅಸ್ಸಲಾಮು ಅಲೈಕುಮ್ ಎಲ್ಲರಿಗೂ. ನನ್ನ ದೊಡ್ಡ ಮಗನಿಗೆ ಒಂಬತ್ತು ವರ್ಷ. ದಡ್ಡ ಅಲ್ಲ. ಸುಲಭಕ್ಕೆ ಬರುವುದನ್ನು ಎಲ್ಲರಿಗಿಂತ ಮೊದಲು ಮುಗಿಸುತ್ತಾನೆ. ಆದರೆ ಯಾವುದಾದರೂ ಮೊದಲ ಸಲಕ್ಕೆ ಬರಲಿಲ್ಲವೋ, ಮುಗಿಯಿತು. "ನನಗೆ ಬರಲ್ಲ" ಅಂತ ಪುಸ್ತಕ ಮುಚ್ಚಿಬಿಡುತ್ತಾನೆ. ಭಾಗಾಕಾರದಲ್ಲೂ ಹಾಗೇ, ಕುರ್‌ಆನ್ ಓದುವಾಗ ಉಚ್ಚಾರ ತಿದ್ದಿದರೂ ಹಾಗೇ. ಅಲ್ಲಾಹು ಸಬ್ರ್ ಇರುವವರ ಜೊತೆ ಇದ್ದಾನೆ ಅಂತ ನಾನು ಹೇಳುತ್ತೇನೆ, ಆದರೆ ಅದನ್ನು ಹೇಳಿದ ಕೂಡಲೇ ಅವನ ಮುಖ ಇನ್ನೂ ಬಿಗಿಯುತ್ತದೆ, ಆಯತ್ (ಕುರ್‌ಆನಿನ ಸೂಕ್ತಿ) ಅವನಿಗೆ ಬೈಗುಳದ ಹಾಗೆ ಕೇಳಿಸುತ್ತಿದೆಯೇನೋ ಅಂತ ಈಗ ಭಯ. ದೀನಿನ (ಧರ್ಮದ) ದಾರಿಯಲ್ಲೇ ಇದನ್ನು ಕಲಿಸಬೇಕು ಅಂತ ಆಸೆ, ಆದರೆ ದೀನನ್ನೇ ಅವನಿಗೆ ಬೇಸರ ಮಾಡಬಾರದು. ಅನುಭವ ಇರುವವರು ದಯವಿಟ್ಟು ಹೇಳಿ.

ನೇರ ಮಾತು:
ವಅಲೈಕುಮುಸ್ಸಲಾಮ್. ಸಹೋದರಿ, ಬೇಜಾರಾಗಬೇಡಿ, ಇದು ನಮ್ಮ ಸಲುಗೆಯಿಂದ ಆಗಿರುವುದು. ಈಗಿನ ಮಕ್ಕಳಿಗೆ ಫೋನಿಗೆ ಬೆರಳು ತಾಗಿಸಿದರೆ ಎಲ್ಲವೂ ಸಿಗುತ್ತದೆ, ಕಾಯುವ ಅಭ್ಯಾಸವೇ ಇಲ್ಲ. ನಾವೆಲ್ಲ ಪೆಟ್ಟು ತಿಂದೇ ಕಲಿತವರು, ಏನೂ ಆಗಲಿಲ್ಲ. ಏಳು ವರ್ಷಕ್ಕೆ ನಮಾಝ್ ಹೇಳಿಕೊಡಿ, ಹತ್ತಕ್ಕೂ ಮಾಡದಿದ್ದರೆ ಹೊಡೆಯಿರಿ ಅಂತ ಹದೀಸಿನಲ್ಲೇ (ಪ್ರವಾದಿಯವರ ಮಾತು, ನಡೆಯ ವರದಿ) ಇದೆ ಅಲ್ವಾ? ಸ್ವಲ್ಪ ಬಿಗಿ ಮಾಡಿ, ಸರಿಹೋಗುತ್ತದೆ.

ಹಿಫ್ಝ್ ತರಗತಿಯ ಉಸ್ತಾದ್:
ಅಣ್ಣ, ಆ ಹದೀಸ್ ಅಬೂದಾವೂದ್ ಅನ್ನುವ ಸಂಗ್ರಹದಲ್ಲಿದೆ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲರೂ ಅದರ ಕೊನೆಯ ತುಂಡನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಏಳರಿಂದ ಹತ್ತರವರೆಗೆ ಮೂರು ವರ್ಷ. ದಿನಕ್ಕೆ ಐದು ನಮಾಝ್. ಲೆಕ್ಕ ಹಾಕಿ, ಐದು ಸಾವಿರಕ್ಕೂ ಹೆಚ್ಚು ಸಲ ಪ್ರೀತಿಯಿಂದ ಕರೆಯಬೇಕು. ಅದಾದ ಮೇಲೂ ಗಾಯವಾಗಬಾರದು, ಮುಖಕ್ಕೆ ಹೊಡೆಯಬಾರದು, ಸಿಟ್ಟಿನಲ್ಲಿ ಕೈ ಎತ್ತಬಾರದು ಅಂತ ಉಲಮಾಗಳು (ಧರ್ಮ ವಿದ್ವಾಂಸರು) ಷರತ್ತು ಹಾಕಿದ್ದಾರೆ. ಮತ್ತು ಅದು ನಮಾಝಿನ ವಿಷಯ. ಭಾಗಾಕಾರ ಬರದ ಒಂಬತ್ತು ವರ್ಷದ ಹುಡುಗನ ಮೇಲೆ ಅದನ್ನು ತಂದು ಹಾಕುವುದು ಎಲ್ಲಿಯ ನ್ಯಾಯ?

ಪ್ರವಾದಿ (ಸ) ತಾವಾಗಿ ಯಾವ ಹೆಂಗಸಿನ ಮೇಲೂ, ಸೇವಕನ ಮೇಲೂ ಕೈ ಎತ್ತಲಿಲ್ಲ ಅಂತ ಅವರ ಪತ್ನಿ ಆಯಿಶಾ (ರ) ಹೇಳಿದ್ದು ಹದೀಸ್ ಸಂಗ್ರಹವಾದ ಮುಸ್ಲಿಮ್‌ನಲ್ಲಿದೆ. ಅನಸ್ (ರ) ಹುಡುಗನಾಗಿದ್ದಾಗ ಅವರ ಸೇವೆಗೆ ಬಂದವರು, ಹತ್ತು ವರ್ಷ ಜೊತೆಗಿದ್ದರು. ಒಂದು ಸಲವೂ "ಛೆ" ಅನ್ನಲಿಲ್ಲ, "ಯಾಕೆ ಹೀಗೆ ಮಾಡಿದೆ" ಅಂತಲೂ ಕೇಳಲಿಲ್ಲ ಅಂತಾರೆ. ಹತ್ತು ವರ್ಷದಲ್ಲಿ ಆ ಹುಡುಗ ತಪ್ಪೇ ಮಾಡಿರಲಿಲ್ಲವಾ? ಖಂಡಿತ ಮಾಡಿರುತ್ತಾರೆ. ಅದೇ ಹುಡುಗ ಮುಂದೆ ಅತಿ ಹೆಚ್ಚು ಹದೀಸ್ ತಲುಪಿಸಿದ ಸಹಾಬಿಗಳಲ್ಲಿ (ಪ್ರವಾದಿಯವರ ಸಂಗಾತಿಗಳಲ್ಲಿ) ಒಬ್ಬರಾದರು.

ಸಹೋದರಿ, ಉಚ್ಚಾರದ ವಿಷಯಕ್ಕೆ ಬರುತ್ತೇನೆ. ತಡವರಿಸುತ್ತಾ, ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲ ಇದೆ ಅನ್ನುವ ಹದೀಸನ್ನು ನಿಮ್ಮ ಮಗನಿಗೆ ಹೇಳಿದ್ದೀರಾ? ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಕುರ್‌ಆನ್ ಬಾಯಿಪಾಠದ ನನ್ನ ತರಗತಿಯಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಹದೀಸ್ ಇದು. ಆದರೆ ಹೇಳುವ ಹೊತ್ತು ಮುಖ್ಯ. ಮಗು ಸಿಕ್ಕಿಬಿದ್ದು ಕಣ್ಣು ತುಂಬಿಕೊಂಡಿರುವಾಗ ಹೇಳಿದರೆ ಅದು ಉಪದೇಶ. ಮರುದಿನ, ಅವನು ನಗುನಗುತ್ತಾ ಇರುವಾಗ, "ನಿನ್ನೆ ಆ ಸಾಲನ್ನು ನಾಲ್ಕು ಸಲ ಓದಿದೆಯಲ್ಲ, ಪ್ರತಿ ಸಲಕ್ಕೂ ಡಬಲ್" ಅಂತ ಹೇಳಿ ನೋಡಿ.

ಗಣಿತದ ಟೀಚರ್:
ನಾನು ಬೇರೆ ಕಡೆಯಿಂದ ಹೇಳುತ್ತೇನೆ. ಸಬ್ರ್ ಇಲ್ಲ ಅಂತ ನಾವು ಹಣೆಪಟ್ಟಿ ಹಚ್ಚುವ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಕೊರತೆ ಇರುವುದು ಸಬ್ರಿನದಲ್ಲ. ಭಾಗಾಕಾರದಲ್ಲಿ ಸಿಕ್ಕಿಬೀಳುವ ಮಗುವಿಗೆ ಮಗ್ಗಿ ಗಟ್ಟಿ ಇದೆಯಾ? ಸಾಲ ತೆಗೆದು ಕಳೆಯುವುದು ಬರುತ್ತದಾ? ಭಾಗಾಕಾರದ ಒಂದೇ ಲೆಕ್ಕದಲ್ಲಿ ಅಂದಾಜು, ಗುಣಾಕಾರ, ವ್ಯವಕಲನ ಮೂರೂ ಬೇಕು. ಒಂದು ಸಡಿಲ ಇದ್ದರೂ ಮಗು ಪ್ರತಿ ಹೆಜ್ಜೆಗೂ ಎಡವುತ್ತದೆ. ಅದಕ್ಕೆ ಎಲ್ಲಿ ಎಡವಿದೆ ಅಂತ ಗೊತ್ತಾಗುವುದಿಲ್ಲ, "ನನಗೆ ಬರಲ್ಲ" ಅನ್ನುತ್ತದೆ. ಅಲ್ಲಿಗೆ ಹೋಗಿ ತಾಳ್ಮೆ ಇರಲಿ ಅಂದರೆ ಏನು ಪ್ರಯೋಜನ? ಎರಡು ಹೆಜ್ಜೆ ಹಿಂದೆ ಹೋಗಿ ಮಗ್ಗಿ ಸರಿಮಾಡಿ. ಅಕ್ಷರ ಪದೇ ಪದೇ ಅದಲುಬದಲಾಗುತ್ತಿದ್ದರೆ, ಓದುವಾಗ ಸಾಲು ತಪ್ಪುತ್ತಿದ್ದರೆ ಕಣ್ಣು ತೋರಿಸಿ, ಡಿಸ್ಲೆಕ್ಸಿಯಾ ಇದೆಯಾ ಅಂತಲೂ ಪರೀಕ್ಷೆ ಮಾಡಿಸಿ. ಅಲ್ಲಾಹು ಯಾರ ಮೇಲೂ ಅವರ ಶಕ್ತಿ ಮೀರಿದ ಹೊರೆ ಹೊರಿಸುವುದಿಲ್ಲ ಅಂತ ಅಲ್-ಬಕರಾದ ಕೊನೆಯ ಸೂಕ್ತಿಯಲ್ಲಿ ದಿನಾ ಓದುತ್ತೇವೆ. ನಾವು ಮಾತ್ರ ಹೊರಿಸುತ್ತೇವೆ.

ಮೂರು ಮಕ್ಕಳ ಅಮ್ಮ:
ಜಝಾಕುಮುಲ್ಲಾಹು ಖೈರ್. ಮಗ್ಗಿ ಆರರವರೆಗೆ ಪಟಪಟ ಹೇಳುತ್ತಾನೆ. ಏಳು, ಎಂಟು ಕೇಳಿದರೆ ಮಾತು ಬದಲಿಸುತ್ತಾನೆ, ಅದು ನಿಜ. ಆದರೆ ಟೀಚರ್, ಎಲ್ಲವೂ ಬುನಾದಿಯ ತಪ್ಪೇ ಅಂತ ನನಗೆ ಅನ್ನಿಸುವುದಿಲ್ಲ. ಸೈಕಲ್ ಕಲಿಯುವಾಗಲೂ ಹೀಗೇ ಮಾಡಿದ. ತಮ್ಮನಿಗೆ ಬಂದುಬಿಟ್ಟಿತು ಅಂತ ಗೊತ್ತಾದ ಮೇಲೆ ಸೈಕಲ್ಲನ್ನೇ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ಅವನನ್ನು "ಜಾಣ" ಅಂತಲೇ ಕರೆಯುವುದು.

ಗಣಿತದ ಟೀಚರ್:
ಅಲ್ಲೇ ಇದೆ ನೋಡಿ. 1998ರಲ್ಲಿ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕೆರೊಲ್ ಡ್ವೆಕ್ ಅನ್ನುವ ಮನಶ್ಶಾಸ್ತ್ರಜ್ಞೆಯರು ಒಂದು ಅಧ್ಯಯನ ಪ್ರಕಟಿಸಿದರು. ಐದನೇ ತರಗತಿಯ ಮಕ್ಕಳಿಗೆ ಆಕೃತಿಗಳ ಒಗಟು ಕೊಟ್ಟು, ಮುಗಿದ ಮೇಲೆ ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಪ್ರಯತ್ನ ಪಟ್ಟೆ" ಅಂದರು. ಆಮೇಲೆ ಬೇಕಂತಲೇ ಕಷ್ಟದ್ದು ಕೊಟ್ಟರು. ಬುದ್ಧಿವಂತ ಅನ್ನಿಸಿಕೊಂಡವರು ಬೇಗ ಕೈಬಿಟ್ಟರು, ಖುಷಿಯೂ ಕಡಿಮೆಯಾಯಿತು, ಮತ್ತೆ ಸುಲಭದ್ದು ಕೊಟ್ಟಾಗಲೂ ಮೊದಲಿಗಿಂತ ಕೆಟ್ಟದಾಗಿ ಮಾಡಿದರು. ಇದೇ ದಾರಿಯಲ್ಲಿ ಆಮೇಲೆ ಶಾಲೆಗಳಲ್ಲಿ ಮಾಡಿದ ದೊಡ್ಡ ಪ್ರಯೋಗಗಳಲ್ಲಿ ಪರಿಣಾಮ ಚಿಕ್ಕದಾಗಿಯೇ ಕಂಡಿದೆ, ಹಾಗಾಗಿ ಇದನ್ನೇ ಮಂತ್ರ ಮಾಡಿಕೊಳ್ಳಬೇಡಿ. ಆದರೆ "ಜಾಣ" ಅನ್ನುವ ಹೆಸರು ಉಳಿಸಿಕೊಳ್ಳಲು ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಸುಮ್ನೆ ಓದುವವಳು:
ಸಾಮಾನ್ಯವಾಗಿ ನಾನು ಬರೆಯುವುದಿಲ್ಲ, ಓದಿಕೊಂಡು ಹೋಗುತ್ತೇನೆ. ಆದರೆ ಕಲಿಕೆ, ಸಬ್ರ್ ಅಂತ ಇಷ್ಟು ಮಾತಾಡಿ ಅಲ್-ಕಹ್ಫ್ ಅಧ್ಯಾಯ ಯಾರೂ ಎತ್ತಲಿಲ್ಲವಲ್ಲ! ಪ್ರತಿ ಶುಕ್ರವಾರ ಓದುತ್ತೇವೆ.

ಮೂಸಾ (ಅ) ಕಲಿಯಲು ಹೊರಟ ಕಥೆ ಅದು, 60ರಿಂದ 82ನೇ ಸೂಕ್ತಿಯವರೆಗೆ. ಎರಡು ಸಮುದ್ರ ಸೇರುವ ಜಾಗ ತಲುಪುವವರೆಗೆ ಬಿಡುವುದಿಲ್ಲ ಅಂತ ಹೊರಟವರು. ಸುಸ್ತಾದರು, ಗುರುತಿಗೆ ಒಯ್ದಿದ್ದ ಮೀನು ಮರೆತುಹೋಯಿತು, ಬಂದ ದಾರಿಯಲ್ಲೇ ವಾಪಸ್ ನಡೆದರು. ಅಷ್ಟು ಛಲ. ಆದರೆ ಹುಡುಕಿಕೊಂಡು ಹೋದ ಗುರು ಖಿಝ್ರ್ (ಅ) ಸಿಕ್ಕ ಮೇಲೆ ಏನಾಯಿತು? ಗುರು ಮೊದಲೇ ಹೇಳಿಬಿಟ್ಟರು, ನಿಮಗೆ ನನ್ನ ಜೊತೆ ಸಬ್ರ್ ಇಟ್ಟುಕೊಳ್ಳಲು ಆಗುವುದಿಲ್ಲ ಅಂತ. ಯಾಕೆ ಅಂತಲೂ ಹೇಳಿದರು: ನಿಮಗೆ ಪೂರ್ತಿ ಗೊತ್ತಿಲ್ಲದ ವಿಷಯದಲ್ಲಿ ಹೇಗೆ ತಾನೇ ಸಹಿಸುತ್ತೀರಿ? ಇದು ಎಷ್ಟು ದೊಡ್ಡ ಮಾತು ನೋಡಿ. ಯಾಕೆ ಮಾಡುತ್ತಿದ್ದೇನೆ ಅಂತ ತಿಳಿಯದಿದ್ದರೆ ಪ್ರವಾದಿಗೇ ಕಷ್ಟ. ನಮ್ಮ ಮಕ್ಕಳಿಗೆ ನಾವು "ಸುಮ್ನೆ ಮಾಡು, ಆಮೇಲೆ ಗೊತ್ತಾಗುತ್ತೆ" ಅನ್ನುತ್ತೇವೆ.

ಗುರು ದೋಣಿ ತೂತು ಮಾಡಿದಾಗ ಮೂಸಾ (ಅ) ಬಾಯಿಬಿಟ್ಟರು. ಒಬ್ಬ ಹುಡುಗನ ಪ್ರಾಣ ತೆಗೆದಾಗ ಮತ್ತೆ ಬಿಟ್ಟರು. ಗೋಡೆ ಕಟ್ಟಿದಾಗ ಮೂರನೇ ಸಲ. ಮೊದಲ ಎರಡು ಸಲ ಗುರು ಏನು ಮಾಡಿದರು? "ನಾನು ಮೊದಲೇ ಹೇಳಿರಲಿಲ್ಲವೇ" ಅಂತ ನೆನಪಿಸಿದರು ಅಷ್ಟೆ, ಜೊತೆಗೇ ಕರೆದುಕೊಂಡು ಮುಂದೆ ನಡೆದರು. ಮೂರನೇ ಸಲ ಬೇರೆಯಾದರು, ಅದೂ ಮೂಸಾ (ಅ) ತಾವೇ ಹಾಕಿಕೊಂಡ ಮಾತಿನಂತೆ. ಆದರೆ ಹಾಗೇ ಎದ್ದು ಹೋಗಲಿಲ್ಲ. ಮೂರೂ ಸಂಗತಿಗೆ ಒಂದೊಂದಾಗಿ ಕಾರಣ ಹೇಳಿ ಹೋದರು. ನಮ್ಮಲ್ಲಿ ಸಿಟ್ಟಾಗಿ ಪಾಠ ನಿಲ್ಲಿಸುವ ಯಾರು ಕೂತು ಕಾರಣ ಹೇಳುತ್ತಾರೆ?

ಸಹೋದರಿ, ನಿಮ್ಮ ಮಗನಿಗೆ ಈ ಕಥೆ ಹೇಳಿ. ಸೋತವರ ಕಥೆಯಾಗಿಯೇ ಹೇಳಿ. ಮೂಸಾ (ಅ) ಮೂರು ಸಲ ತಡೆಯಲಾಗದೆ ಕೇಳಿದರು, ಆದರೂ ಅವರು ಮೂಸಾನೇ (ಅ). ಮಕ್ಕಳಿಗೆ ನಾವು ಹೇಳುವುದೆಲ್ಲ ಗೆದ್ದವರದ್ದೇ. ಇಮಾಮ್ ಶಾಫಿಈ ಏಳು ವರ್ಷಕ್ಕೆ ಕುರ್‌ಆನ್ ಬಾಯಿಪಾಠ ಮಾಡಿದರು ಅಂತ ಹೇಳಿ ಒಂಬತ್ತು ವರ್ಷದವನ ಮುಖ ನೋಡುತ್ತೇವೆ. ಅವನಿಗೆ ಏನು ಕೇಳಿಸುತ್ತದೆ? "ನೀನು ಎರಡು ವರ್ಷ ಲೇಟು" ಅಂತ.

ನೇರ ಮಾತು:
ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ನಾಳೆ ಪರೀಕ್ಷೆ ಹಾಲ್‌ನಲ್ಲಿ ಯಾರೂ ಕಾರಣ ಹೇಳುತ್ತಾ ಕೂರುವುದಿಲ್ಲ. ಕಷ್ಟ ಸಹಿಸುವ ಅಭ್ಯಾಸವೂ ಬೇಕಲ್ವಾ? ಆರಾಮವಾಗಿ ಇದ್ದುಕೊಂಡು ಇಲ್ಮ್ (ಜ್ಞಾನ) ಸಿಗುವುದಿಲ್ಲ ಅಂತ ಹಿಂದಿನವರೇ ಹೇಳಿದ್ದಾರೆ. ಸಹಾಬಿ ಜಾಬಿರ್ (ರ) ಒಂದೇ ಒಂದು ಹದೀಸಿಗಾಗಿ ಒಂದು ತಿಂಗಳು ಪ್ರಯಾಣ ಮಾಡಿದ್ದರಂತೆ. ಇವತ್ತು ಒಂದು ಪುಟ ತಿರುಗಿಸಲು ಆಗುವುದಿಲ್ಲ ಅಂದರೆ ಹೇಗೆ?

ಹಿಫ್ಝ್ ತರಗತಿಯ ಉಸ್ತಾದ್:
ಕಷ್ಟ ಬೇಕು ಅಣ್ಣ, ಯಾರೂ ಬೇಡ ಅನ್ನಲಿಲ್ಲ. ಜಾಬಿರ್ (ರ) ಆಗ ಮಗು ಆಗಿರಲಿಲ್ಲ, ಆ ಹದೀಸಿನ ಬೆಲೆ ತಿಳಿದೇ ಒಂಟೆ ಕೊಂಡು ಹೊರಟವರು. ಮಗುವಿಗೆ ಕಷ್ಟವನ್ನು ಅಳೆದು ಕೊಡಬೇಕು. ಸಹಾಬಿಗಳು ಹತ್ತು ಆಯತ್ ಕಲಿತರೆ, ಅದರಲ್ಲಿರುವ ತಿಳಿವಳಿಕೆ ಮತ್ತು ಅಮಲ್ (ಆಚರಣೆ) ಎರಡೂ ಕೈಗೆ ಬರುವವರೆಗೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ ಅಂತ ಅಬೂ ಅಬ್ದುರ್ರಹ್ಮಾನ್ ಅಸ್ಸುಲಮಿ ತಿಳಿಸಿದ್ದಾರೆ. ಕುರ್‌ಆನ್ ಇಳಿದದ್ದೇ ಸುಮಾರು 23 ವರ್ಷಗಳಲ್ಲಿ. ಒಂದೇ ಸಲಕ್ಕೆ ಯಾಕೆ ಇಳಿಯಲಿಲ್ಲ ಅಂತ ವಿರೋಧಿಗಳು ಕೇಳಿದ್ದಕ್ಕೆ ಅಲ್-ಫುರ್ಕಾನ್‌ನ 32ನೇ ಸೂಕ್ತಿ ಉತ್ತರ ಕೊಡುತ್ತದೆ: ನಿಮ್ಮ ಹೃದಯವನ್ನು ಗಟ್ಟಿಗೊಳಿಸಲು. ವಹೀ (ದೇವವಾಣಿ) ಬರುವಾಗ ಬೇಗ ಬಾಯಿಪಾಠ ಮಾಡಲು ಪ್ರವಾದಿಯವರು (ಸ) ನಾಲಿಗೆ ಆಡಿಸುತ್ತಿದ್ದಾಗ ಆತುರ ಬೇಡ ಅಂತ ಅವರಿಗೇ ಹೇಳಲಾಯಿತು, ಅದು ಅಲ್-ಕಿಯಾಮಾದಲ್ಲಿದೆ.

ನನ್ನ ತರಗತಿಯ ಲೆಕ್ಕ ಹೇಳುತ್ತೇನೆ. ಮದೀನಾ ಮುದ್ರಣದ ಮುಸ್‌ಹಫಿನಲ್ಲಿ (ಕುರ್‌ಆನ್ ಪ್ರತಿಯಲ್ಲಿ) 604 ಪುಟ. ದಿನಕ್ಕೆ ಅರ್ಧ ಪುಟ ಹೊಸ ಪಾಠ ಅಂದರೆ ರಜೆಯೇ ಇಲ್ಲದೆ ಮೂರು ವರ್ಷಕ್ಕೂ ಮೇಲೆ. ಅರ್ಧ ಪುಟ ಅಂದರೆ ಏಳೆಂಟು ಸಾಲು. ಹುಡುಗರಿಗೆ 604 ನಾನು ತೋರಿಸುವುದೇ ಇಲ್ಲ, ಏಳು ಸಾಲು ತೋರಿಸುತ್ತೇನೆ. ಹೊಸ ಸಬಕ್ (ಪಾಠ) ಕಡಿಮೆ, ಹಳೆಯದರ ಪುನರಾವರ್ತನೆ ಜಾಸ್ತಿ. ಕಟ್ಟಿದ ಒಂಟೆಗಿಂತ ಬೇಗ ಕುರ್‌ಆನ್ ಕೈತಪ್ಪಿ ಹೋಗುತ್ತದೆ ಅಂತ ಪ್ರವಾದಿಯವರೇ (ಸ) ಎಚ್ಚರಿಸಿದ್ದಾರೆ. ಹಾಗಾಗಿ ಒಬ್ಬ ಹುಡುಗ ನಿನ್ನೆಯ ಸಾಲು ಮರೆತು ಬಂದರೆ ನನ್ನಲ್ಲಿ ಅದು ಅಪರಾಧ ಅಲ್ಲ. ಮರೆವು ಬರುತ್ತದೆ ಅಂತ ಗೊತ್ತಿದ್ದೇ ತರಗತಿಯ ವೇಳಾಪಟ್ಟಿ ಮಾಡಿದ್ದೇವೆ. ಅಲ್ಲಾಹುವಿಗೆ ತುಂಬ ಇಷ್ಟವಾದ ಕೆಲಸ ಕಡಿಮೆಯಾದರೂ ಬಿಡದೆ ಮಾಡುವಂಥದ್ದು, ಈ ಹದೀಸ್ ಎಲ್ಲರಿಗೂ ಗೊತ್ತು. ಆದರೆ ಮನೆಯಲ್ಲಿ ಪಾಲಿಸುವುದು ಉಲ್ಟಾ. ವಾರವಿಡೀ ಏನೂ ಇಲ್ಲ, ಭಾನುವಾರ ಮೂರು ಗಂಟೆ ಕೂರಿಸಿ ಹಿಂಡುವುದು.

ರಾತ್ರಿ ಪಾಳಿ ಅಪ್ಪ:
ಈಗ ಕೆಲಸದಿಂದ ಬಂದೆ, ಎಲ್ಲವನ್ನೂ ಓದಿದೆ. ಒಂದು ವಿಷಯ ಯಾರೂ ಹೇಳಲಿಲ್ಲ. ಮಗು ಯಾಕೆ ಕಾಯಬೇಕು? ಕಾದರೆ ಸಿಗುತ್ತದೆ ಅನ್ನುವ ನಂಬಿಕೆ ಇದ್ದರೆ ತಾನೇ?

ಮಾರ್ಷ್‌ಮ್ಯಾಲೋ ಪ್ರಯೋಗ ಎಲ್ಲರೂ ಕೇಳಿರುತ್ತೀರಿ. ಮಗುವಿನ ಮುಂದೆ ಒಂದು ಸಿಹಿ ಇಡುವುದು, ತಿನ್ನದೆ ಕಾದರೆ ಎರಡು ಕೊಡುತ್ತೇನೆ ಅನ್ನುವುದು. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಶುರು ಮಾಡಿದ್ದು. ಕಾದ ಮಕ್ಕಳು ಮುಂದೆ ಚೆನ್ನಾಗಿ ಓದಿದರು ಅಂತ ತುಂಬಾ ಸುದ್ದಿಯಾಯಿತು. 2018ರಲ್ಲಿ ಹೆಚ್ಚು ಮಕ್ಕಳನ್ನು ತೆಗೆದುಕೊಂಡು ಮತ್ತೆ ನೋಡಿದಾಗ, ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ಸಂಬಂಧ ತುಂಬಾ ಸಣ್ಣದಾಯಿತು. ನನಗೆ ಇಷ್ಟವಾಗಿದ್ದು 2013ರಲ್ಲಿ ಬಂದ ರೋಚೆಸ್ಟರ್‌ನ ಅಧ್ಯಯನ. 28 ಮಕ್ಕಳು, ಚಿಕ್ಕ ಅಧ್ಯಯನವೇ. ಸಿಹಿ ಇಡುವ ಮೊದಲು ಚಿತ್ರ ಬಿಡಿಸಲು ಕೂರಿಸಿ, ಇನ್ನೂ ಒಳ್ಳೆಯ ಬಣ್ಣ ತರುತ್ತೇನೆ ಅಂತ ದೊಡ್ಡವರು ಹೇಳಿದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಇನ್ನರ್ಧಕ್ಕೆ "ಸಾರಿ, ಇಲ್ಲ" ಅಂದರು. ಆಮೇಲೆ ಸಿಹಿ ಇಟ್ಟಾಗ ಬಣ್ಣ ಸಿಕ್ಕ ಮಕ್ಕಳು ಸರಾಸರಿ 12 ನಿಮಿಷ ಕಾದರು, ಸಿಗದ ಮಕ್ಕಳು 3 ನಿಮಿಷ. ಮಕ್ಕಳಲ್ಲಿ ವ್ಯತ್ಯಾಸ ಇರಲಿಲ್ಲ. ಅವರ ಮುಂದೆ ನಿಂತ ದೊಡ್ಡವರು ಬೇರೆ ಥರ ನಡೆದುಕೊಂಡರು, ಅಷ್ಟೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಬ್ದುಲ್ಲಾ ಬಿನ್ ಆಮಿರ್ (ರ) ಅವರ ಹದೀಸ್. ಅವರು ಚಿಕ್ಕವರಿದ್ದಾಗ ಪ್ರವಾದಿ (ಸ) ಮನೆಗೆ ಬಂದಿದ್ದರು. ತಾಯಿ ಮಗುವನ್ನು "ಬಾ, ಏನೋ ಕೊಡುತ್ತೇನೆ" ಅಂತ ಕರೆದರು. ಏನು ಕೊಡಬೇಕು ಅಂತಿದ್ದೀಯಾ ಅಂತ ಪ್ರವಾದಿ (ಸ) ಕೇಳಿದರು. ಖರ್ಜೂರ ಅಂದರು. ಕೊಡದೇ ಇದ್ದಿದ್ದರೆ ನಿನ್ನ ಹೆಸರಿನಲ್ಲಿ ಒಂದು ಸುಳ್ಳು ಬರೆಯಲಾಗುತ್ತಿತ್ತು ಅಂದರು. ನಾವು ದಿನಕ್ಕೆ ಎಷ್ಟು ಸಲ "ಇದೊಂದು ಪುಟ ಮುಗಿಸು, ಆಟಕ್ಕೆ ಬಿಡುತ್ತೇನೆ" ಅಂದು, ಪುಟ ಮುಗಿದ ಮೇಲೆ "ಇನ್ನೊಂದು ಮಾಡಿಬಿಡು" ಅನ್ನುತ್ತೇವೆ! ಆ ಮಗು ಮರುದಿನ ಮೊದಲ ಪುಟದಲ್ಲೇ ಜಗಳ ತೆಗೆದರೆ ಅದಕ್ಕೆ ಸಬ್ರ್ ಇಲ್ಲ ಅಂತ ಯಾರು ಹೇಳುವುದು? ಅದು ಲೆಕ್ಕ ಕಲಿತಿದೆ.

ನನ್ನ ಅಭಿಪ್ರಾಯ ಇಷ್ಟೇ. ಮಗುವಿನ ಸಬ್ರ್ ದೊಡ್ಡವರ ಮಾತಿನ ಮೇಲೆ ನಿಂತಿರುತ್ತದೆ. ಬೇರೆ ಎಲ್ಲ ಉಪಾಯ ಆಮೇಲೆ.

ಸುಮ್ನೆ ಓದುವವಳು:
ಇದಕ್ಕೆ ಇನ್ನೊಂದು ಸೇರಿಸಿ. ಆಶೂರಾ (ಮುಹರ್ರಮ್ ಹತ್ತನೇ) ದಿನ ಚಿಕ್ಕ ಮಕ್ಕಳಿಂದಲೂ ಉಪವಾಸ ಮಾಡಿಸುತ್ತಿದ್ದೆವು ಅಂತ ರುಬಯ್ಯಿಅ್ (ರ) ಅನ್ನುವ ಸಹಾಬಿ ಮಹಿಳೆ ಹೇಳಿದ್ದಾರೆ. ಹೇಗೆ ಮಾಡಿಸುತ್ತಿದ್ದರು ಗೊತ್ತಾ? ಉಣ್ಣೆಯಿಂದ ಆಟಿಕೆ ಮಾಡಿಟ್ಟುಕೊಳ್ಳುತ್ತಿದ್ದರು. ಮಗು ಹಸಿವು ಅಂತ ಅತ್ತರೆ ಆಟಿಕೆ ಕೈಗೆ ಕೊಡುತ್ತಿದ್ದರು, ಇಫ್ತಾರ್ ಹೊತ್ತಿನವರೆಗೆ. ಬುಖಾರಿಯಲ್ಲಿದೆ. ಮಗು ಅಳುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು, ಅದಕ್ಕೆ ತಯಾರಿ ಮಾಡಿದ್ದರು. ಸಬ್ರ್ ಬೇಕು ಅಂದರೆ ಹೊತ್ತು ಕಳೆಯಲು ಏನಾದರೂ ಬೇಕು. ಸುಮ್ಮನೆ ಗೋಡೆ ನೋಡಿಕೊಂಡು ತಡೆದುಕೋ ಅನ್ನಲಿಲ್ಲ.

ಮೂರು ಮಕ್ಕಳ ಅಮ್ಮ:
"ಇನ್ನೊಂದು ಮಾಡಿಬಿಡು" ಓದಿ ನಮ್ಮೆಜಮಾನರಿಗೆ ತೋರಿಸಿದೆ, ಇಬ್ಬರೂ ನಕ್ಕೆವು. ಒಂದು ಪ್ರಶ್ನೆ ಉಳಿದಿದೆ. ಅವನು ಅಳಲು ಶುರು ಮಾಡಿದರೆ ಪಾಠ ಅಲ್ಲಿಗೇ ನಿಲ್ಲಿಸಬೇಕಾ? ನಿಲ್ಲಿಸಿದರೆ ಅತ್ತರೆ ಬಿಡುಗಡೆ ಅಂತ ಕಲಿಯುತ್ತಾನೆ. ಮುಂದುವರಿಸಿದರೆ ರಂಪ.

ಹಿಫ್ಝ್ ತರಗತಿಯ ಉಸ್ತಾದ್:
ಅಳುವವರೆಗೆ ಹೋಗಲೇಬೇಡಿ ಸಹೋದರಿ. ಪ್ರವಾದಿ (ಸ) ನಮಗೆ ಬೇಸರವಾಗಬಾರದು ಅಂತ ಉಪದೇಶಕ್ಕೆ ದಿನ ನೋಡಿ ಆರಿಸುತ್ತಿದ್ದರು ಅಂತ ಇಬ್ನ್ ಮಸ್ಊದ್ (ರ) ಹೇಳುತ್ತಾರೆ. ಕೇಳುತ್ತಿದ್ದವರು ಸಹಾಬಿಗಳು, ಆದರೂ ಆ ಎಚ್ಚರ. ಮಗು ಕುರ್ಚಿಯಲ್ಲಿ ಹೊರಳಾಡಲು ಶುರು ಮಾಡುತ್ತದೆ, ಪೆನ್ಸಿಲ್ ಕಚ್ಚುತ್ತದೆ, ಗೊತ್ತಿರುವುದನ್ನೂ ತಪ್ಪು ಹೇಳುತ್ತದೆ. ಆಗಲೇ ಹೊಸದನ್ನು ಬಿಟ್ಟು, ಚೆನ್ನಾಗಿ ಬರುವ ಒಂದನ್ನು ಓದಿಸಿ ಮುಗಿಸಿ. ಅತ್ತೇಬಿಟ್ಟರೆ ಬೈಯಬೇಡಿ, ಪಾಠ ರದ್ದು ಅಂತಲೂ ಹೇಳಬೇಡಿ. ನೀರು ಕುಡಿಸಿ, ಹತ್ತು ನಿಮಿಷ ಬಿಡಿ, ವಾಪಸ್ ಬಂದು ಒಂದೇ ಒಂದು ಸಾಲು ಮಾಡಿಸಿ. ಒಂದು ಅಂದರೆ ಒಂದೇ, ಪಾಳಿ ಅಪ್ಪ ಹೇಳಿದ್ದು ನೆನಪಿರಲಿ. ತಮ್ಮನ ಮುಂದೆ ಮಾತ್ರ ತಿದ್ದಬೇಡಿ.

ಗಣಿತದ ಟೀಚರ್:
ಮಗ್ಗಿಗೆ: ಏಳು ಮತ್ತು ಎಂಟರಲ್ಲಿ ನಿಜವಾಗಿ ಹೊಸದು ಕಡಿಮೆ. ಆರರವರೆಗೆ ಬರುತ್ತದೆ ಅಂದರೆ 7×6 ಅವನಿಗೆ ಆಗಲೇ 6×7 ಆಗಿ ಗೊತ್ತಿದೆ. ಒಂಬತ್ತರವರೆಗಿನ ಮಗ್ಗಿಯಲ್ಲಿ ಉಳಿಯುವುದು 7×7, 7×8, 7×9, 8×8, 8×9, 9×9, ಆರೇ ಆರು. ಇದನ್ನು ಅವನಿಗೆ ತೋರಿಸಿ. ದೊಡ್ಡ ಬೆಟ್ಟ ಅಂದುಕೊಂಡದ್ದು ಆರು ಚೀಟಿಯಲ್ಲಿ ಮುಗಿಯುತ್ತದೆ ಅಂತ ಗೊತ್ತಾದರೆ ಅರ್ಧ ಜಗಳ ಇರುವುದಿಲ್ಲ. ದಿನಕ್ಕೆ ಒಂದು ಚೀಟಿ ಸಾಕು.

ನೇರ ಮಾತು:
ಸರಿ, ಹೊಡೆಯುವ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ ಅಂತಲೇ ಇಟ್ಟುಕೊಳ್ಳಿ. ಆದರೆ ಫೋನ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಮಗಳಿಗೆ ಹದಿಮೂರು. ಇಷ್ಟೆಲ್ಲ ಉಣ್ಣೆ ಆಟಿಕೆ ಅವಳಿಗೆ ನಡೆಯುವುದಿಲ್ಲ.

ರಾತ್ರಿ ಪಾಳಿ ಅಪ್ಪ:
ಅಣ್ಣ, ಹದಿಮೂರಕ್ಕೆ ನಿಯಮ ಹಾಕುವ ಮೊದಲು ಅವಳನ್ನೇ ಕೂರಿಸಿ ಕೇಳಿ, ಎಷ್ಟು ಹೊತ್ತು ಸರಿ ಅಂತ. ಮೂಸಾ (ಅ) ಅವರ ಷರತ್ತು ಅವರ ಬಾಯಿಂದಲೇ ಬಂದಿತ್ತಲ್ಲ, ಹಾಗೆ. ಅವಳು ಹೇಳಿದ್ದು ನಿಮಗೆ ಜಾಸ್ತಿ ಅನ್ನಿಸಿದರೂ ಮೊದಲ ವಾರ ಒಪ್ಪಿಕೊಳ್ಳಿ, ಬರೆದು ಗೋಡೆಗೆ ಅಂಟಿಸಿ, ವಾರದ ಕೊನೆಗೆ ಇಬ್ಬರೂ ನೋಡಿ. ನಮ್ಮ ಮನೆಯಲ್ಲಿ ಓದುವ ಹೊತ್ತಿಗೆ ಎಲ್ಲರ ಫೋನೂ ಒಂದೇ ಡಬ್ಬಕ್ಕೆ ಹೋಗುತ್ತದೆ, ನನ್ನದೂ ಸೇರಿ. ಮೊದಮೊದಲು ಡಬ್ಬದ ಕಡೆ ಜಾಸ್ತಿ ನೋಡುತ್ತಿದ್ದವನು ನಾನೇ, ಮಕ್ಕಳು ಅದನ್ನು ಹಿಡಿದು ಚೆನ್ನಾಗಿ ಗೇಲಿ ಮಾಡಿದರು. ನಿಮ್ಮದೂ ಹಾಕುತ್ತೀರಾ?

ನೇರ ಮಾತು:
ಆಫೀಸಿನ ಕರೆ ಬರುತ್ತಲ್ಲ.

ರಾತ್ರಿ ಪಾಳಿ ಅಪ್ಪ:
ಅರ್ಧ ಗಂಟೆಯಿಂದ ಶುರು ಮಾಡಿ.